ತೇಜಸ್ಸೋ ಮಿರಾಜೋ: ವೈಮಾನಿಕ ಪ್ರದರ್ಶನಕ್ಕೆ ಹೊರಟ ಮಲೆನಾಡಿಗರಿಗೆ ಸೇನಾ ವಿಮಾನಗಳ ಹೋಲಿಕೆಯ ಮಾರ್ಗದರ್ಶಿ

ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನ 1996ರಲ್ಲಿ ಆರಂಭವಾಯಿತು. 2001ರಿಂದ ಈಚೆಗೆ ಅದು ಬೆಸ ಸಂಖ್ಯೆಯ ವರ್ಷಗಳಲ್ಲಿ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆದುಕೊಂಡು ಬಂದಿದೆ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳಿಂದ ರಾತ್ರಿ ರೈಲನ್ನೋ ಬಸ್ಸನ್ನೋ ಹಿಡಿದು ಹೋಗಿ, ದಿನವಿಡೀ ಬಿಸಿಲಲ್ಲಿ ನಿಂತು ನೋಡಿ ಬರುವವರು ಸಾಕಷ್ಟು ಮಂದಿ ಇದ್ದಾರೆ. ಹಾಗೆ ಹೋಗಿ ಬಂದವರಲ್ಲಿ ಹೆಚ್ಚಿನವರಿಗೆ ನೆನಪಿನಲ್ಲಿ ಉಳಿಯುವುದು ಕಿವಿ ಗಡಚಿಕ್ಕುವ ಸದ್ದು ಮಾತ್ರ. ತಲೆಯ ಮೇಲೆ ಹಾದುಹೋದದ್ದು ಯಾವ ವಿಮಾನವೆಂದು ಕೇಳಿದರೆ ಉತ್ತರ ತಡವರಿಸುತ್ತದೆ. ಇಷ್ಟು ದೂರ ಹೋಗಿ, ಇಷ್ಟು ದುಡ್ಡು ಖರ್ಚು ಮಾಡಿ ನೋಡುವ ವಿಮಾನಗಳನ್ನು ಹೆಸರಿಡಿದು ಗುರುತಿಸುವಂತಾದರೆ ನೋಟದ ಸಂತೋಷ ಇಮ್ಮಡಿಯಾಗುತ್ತದೆ ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಹೊಸಬರು ಮಾಡುವ ಸಾಮಾನ್ಯ ಪ್ರಯತ್ನವೆಂದರೆ ಎಲ್ಲ ವಿಮಾನಗಳ ಚಿತ್ರಗಳನ್ನೂ ಒಂದೊಂದಾಗಿ ಬಾಯಿಪಾಠ ಮಾಡುವುದು. ಅದು ಆಕಾಶದಲ್ಲಿ ಕೆಲಸಕ್ಕೆ ಬರುವುದಿಲ್ಲ. ಗೊಂದಲವಾಗುವುದು ಯಾವಾಗಲೂ ಜೋಡಿಗಳಲ್ಲಿ, ಒಂದರಂತೆಯೇ ಇನ್ನೊಂದು ಕಾಣುವ ಕೆಲವೇ ವಿಮಾನಗಳ ನಡುವೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳನ್ನು ನೋಡುತ್ತ ನಿಂತವರಿಗೆ ನೀರುಕಾಗೆ ಮತ್ತು ಹಾವಕ್ಕಿಗಳ ನಡುವಿನ ಗೊಂದಲ ತಿಳಿದಿರುತ್ತದೆ. ಎರಡೂ ಕಪ್ಪು, ಎರಡೂ ನೀರಿನಲ್ಲಿ ಮುಳುಗಿ ಮೀನು ಹಿಡಿಯುವಂಥವು, ಆದರೆ ಹಾವಕ್ಕಿಯ ಬಳುಕುವ ಉದ್ದ ಕುತ್ತಿಗೆಯನ್ನು ಒಮ್ಮೆ ಗಮನಿಸಿದವರು ಮತ್ತೆ ತಪ್ಪುವುದಿಲ್ಲ. ವಿಮಾನಗಳ ವಿಷಯದಲ್ಲೂ ಯಾವ ಎರಡರ ನಡುವೆ ಗೊಂದಲ ಹುಟ್ಟಬಹುದೆಂಬುದನ್ನು ಮನೆಯಲ್ಲೇ ತಿಳಿದುಕೊಂಡು, ಪ್ರತಿ ಜೋಡಿಗೆ ಒಂದೆರಡು ಗಟ್ಟಿ ಗುರುತುಗಳನ್ನು ಇಟ್ಟುಕೊಂಡು ಹೊರಡುವುದೇ ಸರಿಯಾದ ದಾರಿ.

ನಂಬಬಾರದ ಗುರುತುಗಳು

ಬಣ್ಣವನ್ನು ನಂಬಬೇಡಿ. ನಮ್ಮ ಯುದ್ಧವಿಮಾನಗಳಲ್ಲಿ ಬಹುಪಾಲು ಈಗ ಬೂದು ಬಣ್ಣದ ಯಾವುದಾದರೊಂದು ಛಾಯೆಯಲ್ಲಿರುತ್ತವೆ. ಸೂರ್ಯನಿಗೆ ಎದುರಾಗಿ ನೋಡುವಾಗ ಆ ಬೂದು ಕೂಡ ಅಳಿಸಿಹೋಗಿ ಕಪ್ಪು ಆಕೃತಿಯೊಂದೇ ಉಳಿಯುತ್ತದೆ. ಗಾತ್ರವನ್ನೂ ನಂಬಬೇಡಿ, ಏಕೆಂದರೆ ಆಕಾಶದಲ್ಲಿ ಪಕ್ಕಕ್ಕಿಟ್ಟು ಅಳೆಯಲು ಮರವೂ ಇಲ್ಲ, ಮನೆಯೂ ಇಲ್ಲ. ಸುಮಾರು 22 ಮೀಟರ್ ಉದ್ದದ ಸುಖೋಯ್-30 ಎಂಕೆಐ ಮೂರು ಕಿಲೋಮೀಟರ್ ದೂರದಲ್ಲಿರುವಾಗಲೂ, 13.2 ಮೀಟರ್ ಉದ್ದದ ತೇಜಸ್ 1.8 ಕಿಲೋಮೀಟರ್ ದೂರದಲ್ಲಿರುವಾಗಲೂ ಕಣ್ಣಿಗೆ ಒಂದೇ ಉದ್ದವಾಗಿ ಕಾಣುತ್ತವೆ. ರೆಕ್ಕೆಯ ಕೆಳಗೆ ತೂಗುವ ಕ್ಷಿಪಣಿ, ಇಂಧನದ ತೊಟ್ಟಿಗಳು ಒಂದು ಹಾರಾಟದಿಂದ ಇನ್ನೊಂದಕ್ಕೆ ಬದಲಾಗುವುದರಿಂದ ಅವುಗಳ ಮೇಲೂ ತೀರ್ಮಾನ ಕಟ್ಟಲಾಗದು.

ಬದಲಾಗದೆ ಉಳಿಯುವುದು ದೇಹದ ರಚನೆ. ಆದ್ದರಿಂದ ಕಣ್ಣಿಗೆ ಒಂದು ಕ್ರಮವನ್ನು ಅಭ್ಯಾಸ ಮಾಡಿಸಬೇಕು. ಹಿಂದೆ ಅಡ್ಡಲಾಗಿ ಬಾಲದ ರೆಕ್ಕೆ ಇದೆಯೇ ಇಲ್ಲವೇ ಎಂಬುದು ಮೊದಲ ಪ್ರಶ್ನೆ. ನೆಟ್ಟಗೆ ನಿಂತ ಬಾಲ ಒಂದೋ ಎರಡೋ ಎಂಬುದು ಎರಡನೆಯದು. ಮುಖ್ಯ ರೆಕ್ಕೆಯ ಮುಂದೆ ಕೆನಾರ್ಡ್ ಎಂದು ಕರೆಯುವ ಕಿರುರೆಕ್ಕೆಗಳಿವೆಯೇ ಎಂಬುದು ಮೂರನೆಯದು. ಎಂಜಿನ್ ಎಷ್ಟು, ಗಾಳಿ ಒಳಹೋಗುವ ಬಾಯಿ ಎಲ್ಲಿದೆ ಎಂಬುವು ಅನಂತರದ ಮಾತು. ನಮ್ಮ ವಾಯುಪಡೆಯ ಯುದ್ಧವಿಮಾನಗಳ ಮಟ್ಟಿಗೆ ಮೊದಲ ಮೂರು ಪ್ರಶ್ನೆಗಳೇ ಮುಕ್ಕಾಲು ಕೆಲಸ ಮುಗಿಸುತ್ತವೆ.

ತೇಜಸ್, ಮಿರಾಜ್, ರಫೇಲ್

ಬಾಲದ ರೆಕ್ಕೆಯಿಲ್ಲದೆ, ತ್ರಿಕೋನದಂತಿರುವ ಡೆಲ್ಟಾ ರೆಕ್ಕೆಯ ಮೇಲೆಯೇ ಹಾರುವ ವಿಮಾನಗಳು ನಮ್ಮಲ್ಲಿ ಮೂರು. ಇವುಗಳಲ್ಲಿ ರಫೇಲನ್ನು ಬೇರ್ಪಡಿಸುವುದು ಸುಲಭ: ಅದಕ್ಕೆ ಕೆನಾರ್ಡ್ ಇದೆ, ಎರಡು ಎಂಜಿನ್‌ಗಳಿವೆ. ಕಾಕ್‌ಪಿಟ್‌ನ ಹಿಂದೆ, ಮುಖ್ಯ ರೆಕ್ಕೆಗೆ ತೀರ ಸಮೀಪದಲ್ಲಿ ಇರುವ ಆ ಕಿರುರೆಕ್ಕೆಗಳು ವಿಮಾನ ತಿರುಗುವಾಗ ತಾವೂ ವಾಲುವುದು ಬರಿಗಣ್ಣಿಗೇ ಕಾಣುತ್ತದೆ. 2020ರ ಜುಲೈ 29ರಂದು ಅಂಬಾಲಾಕ್ಕೆ ಮೊದಲ ಐದು ವಿಮಾನಗಳು ಬಂದಿಳಿದ ಮೇಲೆ ರಫೇಲ್ ಎಂಬ ಹೆಸರು ಮಲೆನಾಡಿನ ಹೋಟೆಲುಗಳ ಕಟ್ಟೆಯವರೆಗೂ ಬಂದಿತ್ತು. ಆದರೂ ಹೆಸರು ಕೇಳಿದ್ದಕ್ಕೂ ಆಕೃತಿ ತಿಳಿದಿರುವುದಕ್ಕೂ ಬಹಳ ಅಂತರವಿದೆ.

ನಿಜವಾದ ಪರೀಕ್ಷೆ ಇರುವುದು ತೇಜಸ್ ಮತ್ತು ಮಿರಾಜ್-2000ರ ನಡುವೆ. ಎರಡಕ್ಕೂ ಒಂದೊಂದೇ ಎಂಜಿನ್, ಒಂದೊಂದೇ ನೆಟ್ಟಗಿನ ಬಾಲ, ಎರಡಕ್ಕೂ ಬಾಲದ ರೆಕ್ಕೆ ಇಲ್ಲ, ಕೆನಾರ್ಡ್ ಇಲ್ಲ. ಮಿರಾಜ್ 14.4 ಮೀಟರ್ ಉದ್ದವಿದ್ದು ತೇಜಸ್ಸಿಗಿಂತ ತುಸು ದೊಡ್ಡದೇನೋ ಹೌದು, ಆದರೆ ಮೇಲೆ ಹೇಳಿದಂತೆ ಆ ಒಂದು ಮೀಟರಿನ ವ್ಯತ್ಯಾಸ ಆಕಾಶದಲ್ಲಿ ಉಪಯೋಗಕ್ಕೆ ಬಾರದು. ಇವೆರಡನ್ನು ಬೇರ್ಪಡಿಸಲು ನೋಡುವ ಕೋನಕ್ಕೆ ತಕ್ಕ ಗುರುತನ್ನು ಆಯ್ದುಕೊಳ್ಳಬೇಕು.

ವಿಮಾನ ತಲೆಯ ಮೇಲೆ ಹಾದುಹೋಗುವಾಗ, ಅಥವಾ ವಾಲಿ ತಿರುಗುತ್ತ ಹೊಟ್ಟೆಯನ್ನೋ ಬೆನ್ನನ್ನೋ ನಮ್ಮತ್ತ ತೋರಿಸುವಾಗ, ರೆಕ್ಕೆಯ ಮುಂದಿನ ಅಂಚನ್ನು ನೋಡಿ. ಮಿರಾಜ್‌ನ ಅಂಚು ದೇಹದಿಂದ ತುದಿಯವರೆಗೆ ಗೆರೆ ಎಳೆದಂತೆ ನೇರವಾಗಿದೆ. ತೇಜಸ್ಸಿನ ಅಂಚು ದೇಹದ ಬಳಿ ಕಡಿಮೆ ಓರೆಯಲ್ಲಿ ಹೊರಟು, ಸ್ವಲ್ಪ ದೂರ ಹೋದ ಮೇಲೆ ಮುರಿದಂತೆ ಬಾಗಿ, ಅಲ್ಲಿಂದ ಹೆಚ್ಚು ಓರೆಯಾಗಿ ಹಿಂದಕ್ಕೆ ಸಾಗುತ್ತದೆ. ಈ ಮುರಿವು ಒಂದು ಸಲ ಕಣ್ಣಿಗೆ ಬಿದ್ದರೆ ಸಾಕು, ಆಮೇಲೆ ಎಷ್ಟೇ ವೇಗದ ಹಾರಾಟದಲ್ಲೂ ತಪ್ಪಿಸಿಕೊಳ್ಳಲಾರದು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರದರ್ಶನದಲ್ಲಿ ಕಲಿಯಲು ಯೋಗ್ಯವಾದ ಒಂದೇ ಗುರುತನ್ನು ಹೇಳಬೇಕೆಂದರೆ ಇದನ್ನೇ ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲೇ ವಿನ್ಯಾಸಗೊಂಡು, ಬೆಂಗಳೂರಿನಲ್ಲೇ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ವಿಮಾನವನ್ನು ಕನ್ನಡಿಗರು ಬೇರೊಂದರ ಹೆಸರಿನಿಂದ ಕರೆಯುವುದು ಸಲ್ಲದು.

ವಿಮಾನ ನೇರ ನಮ್ಮತ್ತ ಬರುತ್ತಿದ್ದರೆ ಆ ಅಂಚು ಕಾಣುವುದಿಲ್ಲ. ಆಗ ರೆಕ್ಕೆ ದೇಹದ ಎಷ್ಟು ಎತ್ತರದಲ್ಲಿ ಸೇರಿದೆ ಎಂಬುದನ್ನು ನೋಡಬೇಕು. ತೇಜಸ್ಸಿನ ರೆಕ್ಕೆ ಭುಜದ ಮಟ್ಟದಲ್ಲಿ, ಅಂದರೆ ದೇಹದ ಮೇಲ್ಭಾಗದಲ್ಲಿ ಸೇರಿಕೊಂಡಿದ್ದು, ಹೊಟ್ಟೆ ಅದರ ಕೆಳಗೆ ಇಳಿಬಿದ್ದಂತೆ ಕಾಣುತ್ತದೆ. ಮಿರಾಜ್‌ನ ರೆಕ್ಕೆ ತಗ್ಗಿನಲ್ಲಿದ್ದು, ದೇಹ ಅದರ ಮೇಲೆ ಕುಳಿತಂತಿರುತ್ತದೆ. ಪಕ್ಕದಿಂದ ನೋಡುವಾಗ ಗಾಳಿಯ ಬಾಯಿಯನ್ನು ಗಮನಿಸಬೇಕು: ಮಿರಾಜ್‌ನ ಎರಡೂ ಬದಿಯ ಬಾಯಿಗಳು ರೆಕ್ಕೆಗಿಂತ ಸಾಕಷ್ಟು ಮುಂದಿದ್ದು, ಪ್ರತಿಯೊಂದರಿಂದಲೂ ಅರ್ಧ ಶಂಕುವಿನ ಆಕಾರವೊಂದು ಹೊರಚಾಚಿರುತ್ತದೆ. ತೇಜಸ್ಸಿನ ಬಾಯಿಗಳು ರೆಕ್ಕೆಯ ನೆರಳಿನಲ್ಲಿ ಅಡಗಿದಂತಿದ್ದು ಶಂಕುವಿಲ್ಲದೆ ಬರಿದಾಗಿವೆ. ಆ ಅರ್ಧ ಶಂಕು ಹಾರಾಟದಲ್ಲಿ ದುರ್ಬೀನಿಗೆ ಮಾತ್ರ ಸಿಗುತ್ತದೆ, ಆದರೆ ವಿಮಾನವನ್ನು ನೆಲದ ಮೇಲೆ ನಿಲ್ಲಿಸಿರುವಾಗ ಮಕ್ಕಳಿಗೂ ತೋರಿಸಬಹುದು.

ಮೂಗಿನ ಬಲಬದಿಯಿಂದ ಮುಂದಕ್ಕೆ ಚಾಚಿದ ಕೊಳವೆಯನ್ನು ನೋಡಿ ಇದು ಮಿರಾಜ್ ಎಂದು ಹೇಳಿಬಿಡುವವರಿದ್ದಾರೆ. ಅದು ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ. ರಫೇಲ್‌ಗೂ ಇದೆ, ತೇಜಸ್ಸಿನ ಈಚಿನ ಮಾದರಿಗಳಲ್ಲೂ ಇರುತ್ತದೆ. ಅದನ್ನು ಗುರುತಾಗಿ ಇಟ್ಟುಕೊಳ್ಳದಿರುವುದೇ ಕ್ಷೇಮ.

ಇನ್ನೊಂದು ಮಾತು ಹಿರಿಯರಿಗಾಗಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸದ್ದು ಮಾಡಿ ಹೋಗುವ ಯುದ್ಧವಿಮಾನವೆಲ್ಲವೂ ಮಿಗ್ಗೇ. ಮಿಗ್-21ಕ್ಕೆ ತ್ರಿಕೋನ ರೆಕ್ಕೆಯ ಜೊತೆಗೆ ಹಿಂದೆ ಬಾಲದ ರೆಕ್ಕೆಯೂ ಇತ್ತು, ಗಾಳಿಯ ಬಾಯಿ ಮೂಗಿನ ತುದಿಯಲ್ಲೇ ಇತ್ತು. ಅದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ಬೀಳ್ಕೊಂಡಿದೆ.

ಎರಡು ಬಾಲದವು: ಸುಖೋಯ್ ಮತ್ತು ಮಿಗ್-29

ನೆಟ್ಟಗಿನ ಬಾಲ ಎರಡಿದ್ದರೆ ನಮ್ಮ ವಾಯುಪಡೆಯ ಮಟ್ಟಿಗೆ ಆಯ್ಕೆ ಸುಖೋಯ್-30 ಎಂಕೆಐ ಮತ್ತು ಮಿಗ್-29ರ ನಡುವೆ ಮಾತ್ರ. ಎರಡೂ ರಷ್ಯಾ ಮೂಲದವು, ಎರಡಕ್ಕೂ ಎರಡು ಎಂಜಿನ್, ಎರಡರ ಒಟ್ಟಾರೆ ಚಹರೆ ಒಂದೇ ಕುಟುಂಬದ್ದು. ಸುಖೋಯ್-30 ಎಂಕೆಐಗೆ ಕೆನಾರ್ಡ್ ಇದೆ, ಮಿಗ್-29ಕ್ಕೆ ಇಲ್ಲ. ಸುಖೋಯ್‌ನ ಎರಡು ಎಂಜಿನ್‌ಗಳ ನಡುವಿನಿಂದ ಗೂಟದಂಥ ಒಂದು ಭಾಗ ಹಿಂದಕ್ಕೆ ಚಾಚಿಕೊಂಡಿರುತ್ತದೆ. ವಿಮಾನ ನಮ್ಮಿಂದ ದೂರ ಸಾಗುತ್ತಿರುವಾಗ, ಕೆನಾರ್ಡ್ ಕಾಣದೆ ಹೋದಾಗ, ಈ ಗೂಟವೇ ಸಾಕ್ಷಿ. ಮಿಗ್-29ರ ಎಂಜಿನ್ ಹಿಂದೆ ಕಪ್ಪು ಹೊಗೆಯ ಗೆರೆ ಬಿಡುವುದಕ್ಕೆ ಹೆಸರಾದದ್ದು. ಹೊಗೆಯನ್ನು ಮೊದಲ ಸುಳಿವೆಂದು ಇಟ್ಟುಕೊಳ್ಳಬಹುದು, ತೀರ್ಪೆಂದು ಇಟ್ಟುಕೊಳ್ಳಬಾರದು.

ಹಾರಾಟದ ರೀತಿಯೂ ಸುಖೋಯನ್ನು ಹೇಳಿಕೊಡುತ್ತದೆ. ಅದರ ಎಂಜಿನ್‌ನ ಹಿಂಬಾಯಿಗಳನ್ನು ಬೇಕಾದತ್ತ ತಿರುಗಿಸಿ ಒತ್ತಡದ ದಿಕ್ಕನ್ನೇ ಬದಲಿಸಬಹುದಾದ್ದರಿಂದ, ಅಷ್ಟು ದೊಡ್ಡ ವಿಮಾನ ಮೂಗನ್ನು ಮೇಲೆತ್ತಿ, ವೇಗವನ್ನು ಬಹುತೇಕ ಕಳೆದುಕೊಂಡು, ಅಲ್ಲೇ ಮಗುಚಿ ತಿರುಗುವುದನ್ನು ಪ್ರದರ್ಶನದಲ್ಲಿ ಕಾಣಬಹುದು. ಮಿಗ್-29 ಇಂಥ ತಿರುವಿಗೆ ಹೋಗುವುದಿಲ್ಲ.

ಜಾಗ್ವಾರ್, ಹಾಕ್ ಮತ್ತು ಸೂರ್ಯಕಿರಣ

ಜಾಗ್ವಾರ್ ಮತ್ತು ಹಾಕ್‌ಗಳ ನಡುವೆ ಆರಿಸುವುದು ಕಷ್ಟವೇನಲ್ಲ. ಜಾಗ್ವಾರ್‌ನ ರೆಕ್ಕೆ ಎತ್ತರದಲ್ಲಿದೆ, ಎಂಜಿನ್ ಎರಡು, ದೇಹ ಸಪೂರ, ನೆಲದ ಮೇಲೆ ಅದರ ಚಕ್ರದ ಕಾಲುಗಳು ಎತ್ತರ. ಹಾಕ್ ತರಬೇತಿ ವಿಮಾನದ ರೆಕ್ಕೆ ತಗ್ಗಿನಲ್ಲಿದೆ, ಎಂಜಿನ್ ಒಂದು, ಇಬ್ಬರು ಹಿಂದೆ ಮುಂದೆ ಕೂರುವ ಕಾಕ್‌ಪಿಟ್ ಉಬ್ಬಿಕೊಂಡಿದೆ. ಭಾರತದ ಜಾಗ್ವಾರ್‌ಗಳಲ್ಲಿ ಕ್ಷಿಪಣಿಯನ್ನು ರೆಕ್ಕೆಯ ಮೇಲ್ಬದಿಯಲ್ಲಿ ಹೊರುವ ವ್ಯವಸ್ಥೆಯಿದೆ. 1979ರಲ್ಲಿ ನಮ್ಮಲ್ಲಿಗೆ ಬಂದ ಈ ವಿಮಾನವನ್ನು ತಯಾರಿಸಿದ ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಕೈಬಿಟ್ಟಾಗಿದೆ. ಹಾರುತ್ತಿರುವ ಜಾಗ್ವಾರ್ ನೋಡಬೇಕೆಂದರೆ ಈಗ ಭಾರತಕ್ಕೇ ಬರಬೇಕು. ಕೆಂಪು ಬಿಳಿ ಬಣ್ಣದಲ್ಲಿ ಒಂಬತ್ತು ವಿಮಾನಗಳು ಗುಂಪಾಗಿ ಹಾರಿದರೆ ಅದು ಬೀದರಿನ ಸೂರ್ಯಕಿರಣ ತಂಡ, ಅವೆಲ್ಲವೂ ಹಾಕ್. ಬಣ್ಣವನ್ನು ನಂಬಬಹುದಾದ ಅಪರೂಪದ ಸಂದರ್ಭ ಇದು.

ಸಾಗಣೆ ವಿಮಾನಗಳು: ಅಭ್ಯಾಸಕ್ಕೆ ಸೋಗಾನೆಯೇ ಸಾಕು

ಸಾಗಣೆ ವಿಮಾನಗಳನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ, ಆದರೆ ನಿಧಾನವಾಗಿ ಹಾರುವ ಇವು ಕಲಿಯುವವರಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತವೆ. ಮೇಲಾಗಿ ಇವುಗಳ ಪಾಠವನ್ನು ಶಿವಮೊಗ್ಗದಲ್ಲೇ ಆರಂಭಿಸಬಹುದು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲು ಬಂದದ್ದು ಎಟಿಆರ್-72 ವಿಮಾನ. ಎತ್ತರದಲ್ಲಿ ಕೂರಿಸಿದ ರೆಕ್ಕೆ, ಎರಡು ಪ್ರೊಪೆಲರ್, ನೆಟ್ಟಗಿನ ಬಾಲದ ತುತ್ತತುದಿಯಲ್ಲಿ ಅಡ್ಡರೆಕ್ಕೆ, ಇದು ಎಟಿಆರ್‌ನ ಆಕೃತಿ. ವಾಯುಪಡೆಗೆ 2023ರಲ್ಲಿ ಸೇರಿದ ಸಿ-295 ಕೂಡ ಎತ್ತರದ ರೆಕ್ಕೆಯ, ಎರಡು ಪ್ರೊಪೆಲರಿನ ವಿಮಾನ. ಎರಡರ ಎಂಜಿನ್‌ಗಳೂ ಒಂದೇ ಮನೆತನದವು, ಆದ್ದರಿಂದ ಸದ್ದಿನಲ್ಲೂ ಹೋಲಿಕೆ ಇದೆ. ವ್ಯತ್ಯಾಸ ಬಾಲದಲ್ಲಿದೆ: ಸಿ-295ರ ಅಡ್ಡರೆಕ್ಕೆ ಬಾಲದ ಬುಡದಲ್ಲಿ, ದೇಹಕ್ಕೆ ಅಂಟಿಕೊಂಡಿದೆ, ಹಿಂಭಾಗದ ಹೊಟ್ಟೆ ಸರಕು ಇಳಿಸುವ ಬಾಗಿಲಿಗಾಗಿ ಮೇಲಕ್ಕೆ ಕತ್ತರಿಸಿದಂತಿದೆ. ಸೋಗಾನೆಯ ದಾರಿಯಲ್ಲಿ ನಿಂತು ಎಟಿಆರ್‌ನ ಬಾಲವನ್ನು ಚೆನ್ನಾಗಿ ನೋಡಿಟ್ಟುಕೊಂಡವರಿಗೆ ಯಲಹಂಕದಲ್ಲಿ ಸಿ-295 ಬೇರೆಯೆಂದು ತಾನಾಗಿಯೇ ತಿಳಿಯುತ್ತದೆ.

ಸಿ-295ನ್ನು ಎಎನ್-32ರಿಂದ ಬೇರ್ಪಡಿಸುವುದು ಇನ್ನೂ ಸುಲಭ. ಎಎನ್-32ರ ಎರಡು ಎಂಜಿನ್‌ಗಳು ರೆಕ್ಕೆಯ ಮೇಲೆ ಹೊರೆ ಹೊತ್ತಂತೆ ಎದ್ದು ನಿಂತಿರುತ್ತವೆ. ಬಿಸಿಯಾದ ಹಾಗೂ ಎತ್ತರದ ಪ್ರದೇಶಗಳ ವಾಯುನೆಲೆಗಳಿಗಾಗಿ ಹೆಚ್ಚು ಶಕ್ತಿಯ ಎಂಜಿನ್ನನ್ನೂ ದೊಡ್ಡ ಪ್ರೊಪೆಲರನ್ನೂ ಕೂರಿಸಬೇಕಾಗಿ ಬಂದು, ಆ ಪ್ರೊಪೆಲರಿಗೆ ಜಾಗ ಸಾಲದೆ ಎಂಜಿನ್ನನ್ನು ಮೇಲಕ್ಕೆ ಎತ್ತಿದರು. ನಾಲ್ಕು ಪ್ರೊಪೆಲರ್ ಇದ್ದರೆ ಅದು ಸಿ-130ಜೆ.

ನಾಲ್ಕು ಜೆಟ್ ಎಂಜಿನ್‌ಗಳ ದೈತ್ಯ ವಿಮಾನ ಬಂದರೆ ಸಿ-17 ಅಥವಾ ಇಲ್ಯೂಷಿನ್-76. ಎರಡಕ್ಕೂ ಎತ್ತರದ ರೆಕ್ಕೆ, ಎರಡಕ್ಕೂ ಬಾಲದ ತುದಿಯಲ್ಲಿ ಅಡ್ಡರೆಕ್ಕೆ. ರೆಕ್ಕೆಯ ತುದಿ ಮೇಲಕ್ಕೆ ಮಡಿಸಿದಂತಿದ್ದರೆ ಸಿ-17. ಹಾಗಿಲ್ಲದೆ, ಮೂಗಿನ ಕೆಳಭಾಗದಲ್ಲಿ ದಾರಿ ನೋಡುವವನಿಗಾಗಿ ಗಾಜಿನ ಕಿಟಕಿಗಳಿದ್ದರೆ ಇಲ್ಯೂಷಿನ್. ಬೆನ್ನ ಮೇಲೆ ದೊಡ್ಡ ತಟ್ಟೆ ಹೊತ್ತ ಇಲ್ಯೂಷಿನ್ ಕಂಡರೆ ಅದು ಆಕಾಶದಿಂದಲೇ ಕಣ್ಗಾವಲು ನಡೆಸುವ ಫಾಲ್ಕನ್ ವ್ಯವಸ್ಥೆಯದು. ಸಣ್ಣ ಜೆಟ್ ವಿಮಾನದ ಬೆನ್ನ ಮೇಲೆ ಉದ್ದನೆಯ ತೊಲೆಯಂಥದ್ದು ಕಂಡರೆ ಅದು ನಮ್ಮ ದೇಶದ ರೇಡಾರ್ ಹೊತ್ತ ನೇತ್ರ.

ಹೆಲಿಕಾಪ್ಟರ್‌ಗಳು

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಪ್ರಚಂಡ ಮತ್ತು ಅಪಾಚೆಗಳ ನಡುವೆ. ಎರಡೂ ದಾಳಿ ಹೆಲಿಕಾಪ್ಟರ್‌ಗಳು. ಎರಡರಲ್ಲೂ ಇಬ್ಬರು ಒಬ್ಬರ ಹಿಂದೊಬ್ಬರು ಕೂರುತ್ತಾರೆ, ಆದ್ದರಿಂದ ಎದುರಿನಿಂದ ಎರಡೂ ಕಿರಿದಾಗಿ ಕಾಣುತ್ತವೆ. ಎರಡಕ್ಕೂ ಮೂಗಿನ ಕೆಳಗೆ ಬಂದೂಕಿದೆ. ರೋಟರಿನ ಮೇಲೆ ಗುಮ್ಮಟದಂಥ ರೇಡಾರ್ ಇದ್ದರೆ ಅಪಾಚೆ ಎಂದು ನಿಸ್ಸಂಶಯವಾಗಿ ಹೇಳಬಹುದು, ಆದರೆ ಗುಮ್ಮಟ ಇಲ್ಲದ ಅಪಾಚೆಗಳೂ ಇರುವುದರಿಂದ ಅದಿಲ್ಲವೆಂದು ಪ್ರಚಂಡ ಎನ್ನಲಾಗದು. ಎಂಜಿನ್‌ಗಳನ್ನು ನೋಡುವುದು ಮೇಲು. ಅಪಾಚೆಯ ಎಂಜಿನ್‌ಗಳು ದೇಹದ ಎರಡು ಪಕ್ಕಕ್ಕೆ ಕಟ್ಟಿದ ಪೀಪಾಯಿಗಳಂತೆ ಹೊರಗೆ ಎದ್ದು ಕಾಣುತ್ತವೆ. ಪ್ರಚಂಡದ ಎಂಜಿನ್‌ಗಳು ರೋಟರಿನ ಕೆಳಗೆ, ದೇಹದ ಮೈಯೊಳಗೇ ಹುದುಗಿರುತ್ತವೆ. ಅಪಾಚೆಯ ಬಾಲದ ಪಂಖದ ನಾಲ್ಕು ಅಲಗುಗಳು ಸಮ ಅಂತರದಲ್ಲಿರದೆ ಕತ್ತರಿಯಂತೆ ಹೆಣೆದುಕೊಂಡಿರುವುದು ನಿಂತ ಹೆಲಿಕಾಪ್ಟರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಧ್ರುವ್‌ನ ಗುರುತು ಬಾಲದ ಅಡ್ಡರೆಕ್ಕೆಯ ಎರಡು ತುದಿಗಳಲ್ಲಿ ನಿಂತಿರುವ ಫಲಕಗಳು. ಅದೇ ದೇಹಕ್ಕೆ ಶಸ್ತ್ರ ಕಟ್ಟಿದರೆ ರುದ್ರ. ನವಿಲಿನ ಚಿತ್ರ ಬರೆದ ಧ್ರುವ್‌ಗಳು ಜೊತೆಜೊತೆಯಾಗಿ ಹಾರಿದರೆ ಸಾರಂಗ್ ತಂಡ. ಹಳೆಯ ಚೇತಕ್‌ಗೆ ಮೂರು ಚಕ್ರಗಳಿವೆ, ಹೊಸ ಲಘು ಉಪಯೋಗಿ ಹೆಲಿಕಾಪ್ಟರಿಗೆ ಚಕ್ರದ ಬದಲು ಜಾರುಗಾಲುಗಳಿವೆ. ಈ ಹೊಸದರ ತಯಾರಿಕೆಗೆಂದು 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆ ಇರುವುದು ನಾವು ಬೆಂಗಳೂರಿಗೆ ಹೋಗುವ ದಾರಿಯ ಗುಬ್ಬಿ ತಾಲ್ಲೂಕಿನಲ್ಲೇ. ಎಂಐ-17 ಮತ್ತು ಚಿನೂಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಮೇಲೆ ಒಂದೇ ರೋಟರ್ ಇದ್ದರೆ ಮೊದಲನೆಯದು, ಹಿಂದೊಂದು ಮುಂದೊಂದು ಇದ್ದರೆ ಎರಡನೆಯದು.

ಹೊರದೇಶದ ಅತಿಥಿಗಳು

ಯಾವ ವರ್ಷ ಯಾರು ಬರುತ್ತಾರೆಂದು ಮೊದಲೇ ಹೇಳಲಾಗದು. 2025ರಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸುಖೋಯ್-57 ಎರಡೂ ಬಂದಿದ್ದವು. ಎರಡಕ್ಕೂ ಹೊರಕ್ಕೆ ವಾಲಿದ ಜೋಡಿ ಬಾಲಗಳಿರುವುದರಿಂದ ಹಿಂದಿನಿಂದ ಎಂಜಿನ್ ಎಣಿಸಿ: ಎಫ್-35ಕ್ಕೆ ಒಂದು, ಸುಖೋಯ್-57ಕ್ಕೆ ಒಂದರಿಂದೊಂದು ದೂರವಾಗಿ ಇಟ್ಟ ಎರಡು. ಯುರೋಪಿನ ಟೈಫೂನ್ ಬಂದರೆ ರಫೇಲ್ ಜೊತೆ ಗೊಂದಲವಾಗಬಹುದು. ಟೈಫೂನ್‌ನ ಕೆನಾರ್ಡ್ ಮುಖ್ಯ ರೆಕ್ಕೆಯಿಂದ ಬಹಳ ಮುಂದೆ, ಕಾಕ್‌ಪಿಟ್‌ನ ಬಳಿಯಲ್ಲೇ ಇದೆ. ಗಾಳಿಯ ಬಾಯಿ ಪಕ್ಕದಲ್ಲಿರದೆ ಹೊಟ್ಟೆಯ ಕೆಳಗೆ ಚೌಕಾಕಾರದಲ್ಲಿದೆ.

ಸದ್ದು, ದುರ್ಬೀನು, ಟಿಕೆಟು

ಸದ್ದು ಬಂದತ್ತ ತಲೆ ಎತ್ತಿದರೆ ಅಲ್ಲಿ ವಿಮಾನ ಇರುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ಮೂರು ಕಿಲೋಮೀಟರ್ ದೂರದ ವಿಮಾನದ ಸದ್ದು ನಮ್ಮನ್ನು ಮುಟ್ಟಲು ಒಂಬತ್ತು ಸೆಕೆಂಡು ಬೇಕು, ಅಷ್ಟರಲ್ಲಿ ಗಂಟೆಗೆ 720 ಕಿಲೋಮೀಟರ್ ವೇಗದ ವಿಮಾನ ಒಂದೂಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಸಾಗುತ್ತಿರುವ ದಿಕ್ಕಿನಲ್ಲಿ ಮುಂದಕ್ಕೆ ಕಣ್ಣು ಹಾಯಿಸುವುದನ್ನು ರೂಢಿ ಮಾಡಿಕೊಳ್ಳಿ.

ದುರ್ಬೀನಿನಲ್ಲಿ 8x42 ಮತ್ತು 10x50ರ ನಡುವೆ ಆರಿಸುವುದಾದರೆ ನಾನು ಎಂಟು ಪಟ್ಟಿನದನ್ನೇ ಹೇಳುತ್ತೇನೆ. ಹತ್ತು ಪಟ್ಟಿನದರಲ್ಲಿ ವಿವರ ಹೆಚ್ಚು ಸಿಗುವುದು ನಿಜ. ಆದರೆ ನೋಟದ ವ್ಯಾಪ್ತಿ ಕಿರಿದಾಗಿ ವೇಗದ ವಿಮಾನ ಕಣ್ಣಿಗೆ ಸಿಕ್ಕದೆ ಜಾರುತ್ತದೆ, ಕೈಯ ಅಲುಗಾಟವೂ ಹೆಚ್ಚಾಗಿ ಕಾಣುತ್ತದೆ. ಹಕ್ಕಿ ನೋಡುವ ಹವ್ಯಾಸದವರ ಬಳಿ ಸಾಮಾನ್ಯವಾಗಿ 8x42 ಇದ್ದೇ ಇರುತ್ತದೆ, ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ವಿಮಾನವನ್ನು ಹಿಂಬಾಲಿಸುವ ಭರದಲ್ಲಿ ದುರ್ಬೀನು ಸೂರ್ಯನತ್ತ ತಿರುಗದಂತೆ, ಮುಖ್ಯವಾಗಿ ಮಕ್ಕಳ ಕೈಯಲ್ಲಿರುವಾಗ, ಬಹಳ ಎಚ್ಚರ ಬೇಕು. ಚಿತ್ರ ತೆಗೆಯುವವರು ಜೆಟ್‌ಗೆ ಸೆಕೆಂಡಿನ ಸಾವಿರದ ಒಂದು ಭಾಗದ ಶಟರ್ ವೇಗವನ್ನೂ, ಪ್ರೊಪೆಲರ್ ಹಾಗೂ ಹೆಲಿಕಾಪ್ಟರಿಗೆ ಇನ್ನೂರೈವತ್ತರ ಒಂದು ಭಾಗವನ್ನೂ ಇಟ್ಟುಕೊಳ್ಳಬಹುದು. ಶಟರ್ ಇದಕ್ಕಿಂತ ವೇಗವಾಗಿದ್ದರೆ ರೋಟರಿನ ಅಲಗುಗಳು ಚಿತ್ರದಲ್ಲಿ ನಿಂತುಬಿಟ್ಟಂತೆ ಕಾಣುತ್ತವೆ.

ಟಿಕೆಟಿನ ಆಯ್ಕೆ ನಿಮ್ಮ ಉದ್ದೇಶವನ್ನು ಅವಲಂಬಿಸಿದೆ. 2025ರಲ್ಲಿ ಹಾರಾಟವನ್ನು ಮಾತ್ರ ನೋಡುವ ವೀಕ್ಷಣಾ ಪ್ರದೇಶದ ಟಿಕೆಟಿಗೆ 1000 ರೂಪಾಯಿ, ನಿಲ್ಲಿಸಿದ ವಿಮಾನಗಳನ್ನೂ ಮಳಿಗೆಗಳನ್ನೂ ಸೇರಿಸಿ ನೋಡುವ ಸಾಮಾನ್ಯ ಟಿಕೆಟಿಗೆ 2500 ರೂಪಾಯಿ ಇತ್ತು. ಮನೆಮಂದಿಯೆಲ್ಲ ಹೋಗಿ ಆಟ ನೋಡಿ ಬರುವುದಾದರೆ ಮೊದಲನೆಯದು ಧಾರಾಳ ಸಾಕು. ಗುರುತಿಸುವುದನ್ನು ಕಲಿಯಬೇಕೆಂಬ ಆಸೆಯಿರುವ ಒಬ್ಬರು ಮನೆಯಲ್ಲಿದ್ದರೆ ಅವರಿಗೆ ಎರಡನೆಯದನ್ನೇ ಕೊಡಿಸಿ. ಮಿರಾಜ್‌ನ ಅರ್ಧ ಶಂಕುವನ್ನು, ಜಾಗ್ವಾರ್‌ನ ಎತ್ತರದ ಕಾಲುಗಳನ್ನು, ಅಪಾಚೆಯ ಕತ್ತರಿ ಪಂಖವನ್ನು ಮೊದಲು ನೆಲದ ಮೇಲೆ ಸುತ್ತು ಹಾಕಿ ನೋಡಿಕೊಂಡರೆ ಹಾರಾಟದ ಹೊತ್ತಿಗೆ ಕಣ್ಣು ಸಿದ್ಧವಾಗಿರುತ್ತದೆ. ಐದು ದಿನಗಳ ಪ್ರದರ್ಶನದಲ್ಲಿ ಮೊದಲ ಮೂರು ದಿನ ವ್ಯವಹಾರಸ್ಥರಿಗೆ ಮೀಸಲಾಗಿ, ಕೊನೆಯ ಎರಡು ದಿನ ಸಾರ್ವಜನಿಕರಿಗೆ ತೆರೆದಿತ್ತು. ರೈಲಿನ ಸೀಟು ಕಾಯ್ದಿರಿಸುವ ಮುನ್ನ ಆಯಾ ವರ್ಷದ ದಿನಗಳನ್ನು ನೋಡಿಕೊಳ್ಳುವುದು ಅಗತ್ಯ.

ಪ್ರದರ್ಶನವಿಲ್ಲದ ವರ್ಷದಲ್ಲಿ ಅಭ್ಯಾಸ ಬಿಡಬೇಕಾಗಿಲ್ಲ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್, ಅಜೀತ್, ಕಿರಣ್ ಮೊದಲಾದ ಹಳೆಯ ವಿಮಾನಗಳನ್ನು ಕೈಯಳತೆಯಲ್ಲಿ ನೋಡಬಹುದು. ಕಾರವಾರದ ಕಡಲತೀರದಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟಿಯು-142 ಇದೆ. ಹಿಂದಕ್ಕೆ ಓರೆಯಾದ ರೆಕ್ಕೆ, ಪ್ರತಿ ಎಂಜಿನ್‌ಗೂ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡೆರಡು ಪ್ರೊಪೆಲರ್ ಇರುವ ಆ ವಿಮಾನಕ್ಕೆ ನಮ್ಮ ಈಗಿನ ಪಡೆಗಳಲ್ಲಿ ಜೋಡಿಯೇ ಇಲ್ಲ. ಶಿವಮೊಗ್ಗ, ಭದ್ರಾವತಿಯವರಿಗೆ ರೈಲಿನ ಅನುಕೂಲದಿಂದಾಗಿ ಬೆಂಗಳೂರು ಹಗುರ. ಸಾಗರದವರಿಗೆ ಜೋಗ, ಹೊನ್ನಾವರದ ಮೇಲೆ ಕಾರವಾರವೇ ಹತ್ತಿರ.